ಗ್ರಿಡ್‌ನ ‘ಜಡತ್ವ’ಕ್ಕೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಗಾಳಿ ವಿದ್ಯುತ್ತಿನ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ದಿನದಿಂದ ಒಂದೇ ಪದಕ್ಕೆ ತಗಲಿಕೊಂಡು ಕೂತಿದ್ದೇನೆ: ಇನರ್ಷಿಯ. ಶಾಲೆ ಪುಸ್ತಕದಲ್ಲಿ ಅದು ‘ಜಡತ್ವ’. ಬಸ್ಸು ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುತ್ತೇವಲ್ಲ, ಆ ಪಾಠ. ಅಲ್ಲಿ ಸರಿ. ಗ್ರಿಡ್, ಅಂದರೆ ವಿದ್ಯುತ್ ಕೇಂದ್ರಗಳನ್ನೂ ನಮ್ಮ ಮನೆಗಳನ್ನೂ ಜೋಡಿಸುವ ತಂತಿಜಾಲ, ಅದರ ವಿಷಯಕ್ಕೆ ಮಾತ್ರ ಕಿವಿಗೆ ಒಗ್ಗುತ್ತಿಲ್ಲ.

ನಮ್ಮ ಗ್ರಿಡ್‌ನ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆಮುಂದೆ ಆಗುತ್ತದೆ ಅನ್ನುವುದು, 50 ಹರ್ಟ್ಜ್. 49.90ರಿಂದ 50.05ರ ಒಳಗೆ ಇರಬೇಕು. (‘ಆವೃತ್ತಿ’ ಅಂತ ಬರೆದರೆ ಪುಸ್ತಕದ ಮರುಮುದ್ರಣ ನೆನಪಾಗುತ್ತದೆ. ಅದಕ್ಕೇ ಫ್ರೀಕ್ವೆನ್ಸಿ ಅಂತಲೇ ಬಿಟ್ಟಿದ್ದೇನೆ.) ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಸೆಕೆಂಡಿಗೆ 50, ಲೆಕ್ಕ ಸರಿಹೋಯಿತಲ್ಲ! ಎಲ್ಲೋ ಒಂದು ದೊಡ್ಡ ಘಟಕ ಟ್ರಿಪ್ ಆಗಿ ಒಮ್ಮೆಲೇ ನಿಂತರೆ, ಉಳಿದ ಘಟಕಗಳ ರೋಟರ್‌ಗಳು (ತಿರುಗುವ ಭಾಗಗಳು) ತಮ್ಮ ತಿರುಗುವ ಓಟದಲ್ಲೇ ಆ ಕೊರತೆ ತುಂಬುತ್ತವೆ. ಹಾಗಾಗಿ ಫ್ರೀಕ್ವೆನ್ಸಿ ಒಮ್ಮೆಲೇ ಕುಸಿಯದೆ ಮೆಲ್ಲಗೆ ಇಳಿಯುತ್ತದೆ. ಇದೇ ಗ್ರಿಡ್‌ನ ಇನರ್ಷಿಯ. ಅಷ್ಟರಲ್ಲಿ ಟರ್ಬೈನಿನ ವೇಗ ನೋಡಿಕೊಳ್ಳುವ ಗವರ್ನರ್ ಎಂಬ ಸಾಧನ ಹೆಚ್ಚು ಉಗಿ ಬಿಡುತ್ತದೆ.

ಚಿಕ್ಕಂದಿನಲ್ಲಿ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಇದನ್ನೇ ನೋಡಿದ್ದೆ. ಡೀಸೆಲ್ ಎಂಜಿನ್ನು, ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಗಾಲಿ. ಒಮ್ಮೆಲೇ ಪುಟ್ಟಿ ಜೋಳ ಸುರಿದರೆ ಎಂಜಿನ್ನಿನ ಸದ್ದು ಕುಗ್ಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಎಂಜಿನ್ ಬಂದ್ ಮಾಡಿದ ಮೇಲೂ ಗಿರಣಿಯವರು ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ‘ಇರ್ರಿ, ಗಾಲಿಗೆ ಇನ್ನೂ ಓಟ ಐತಿ’ ಅನ್ನೋರು.

ಆ ಗಾಲಿಯನ್ನು ‘ಜಡ’ ಅನ್ನೋಕೆ ಮನಸ್ಸು ಬರುತ್ತಾ?

ಗಾಳಿಯಂತ್ರಕ್ಕೆ ಬಂದರೆ ತೊಡಕು ಇನ್ನೂ ಜಾಸ್ತಿ. ಹೊಸ ಯಂತ್ರಗಳಲ್ಲಿ ರೆಕ್ಕೆಗೂ ಗ್ರಿಡ್ಡಿಗೂ ನಡುವೆ ಕರೆಂಟನ್ನು ಗ್ರಿಡ್ಡಿಗೆ ಹೊಂದುವಂತೆ ಬದಲಿಸುವ ಎಲೆಕ್ಟ್ರಾನಿಕ್ ಕನ್ವರ್ಟರ್ ಇರುತ್ತದೆ. ರೆಕ್ಕೆ ಎಷ್ಟೇ ಭಾರ ಇರಲಿ, ಗ್ರಿಡ್‌ನ ಫ್ರೀಕ್ವೆನ್ಸಿ ಕುಸಿದದ್ದು ಅದಕ್ಕೆ ತಾನಾಗಿ ತಟ್ಟುವುದಿಲ್ಲ. ಸಾಫ್ಟ್‌ವೇರ್ ಹೇಳಿದರೆ ರೆಕ್ಕೆಯ ಓಟವನ್ನು ಕೆಲವು ಸೆಕೆಂಡು ಕರೆಂಟಾಗಿ ಕೊಡಬಲ್ಲದು. ಆದರೆ ಅದು ಕೈಸಾಲ ಇದ್ದಂತೆ. ರೆಕ್ಕೆ ಮತ್ತೆ ವೇಗ ಹಿಡಿಯುವಾಗ ಉತ್ಪಾದನೆ ತುಸು ಇಳಿಯುತ್ತದೆ. ಇದಕ್ಕೆ ಎಂಜಿನಿಯರುಗಳು ಸಿಂಥೆಟಿಕ್ ಇನರ್ಷಿಯ ಅನ್ನುತ್ತಾರೆ. ನಾನು ‘ಕೃತಕ ಜಡತ್ವ’ ಅಂತ ಬರೆದೆ. ಓದಿದ ಗೆಳೆಯ, ‘ಏನು, ಸೋಮಾರಿತನದ ನಾಟಕಾನಾ?’ ಅಂದ.

ಗಿರಣಿಯವರ ‘ಓಟ’ವನ್ನೇ ಹಿಡಿದು ‘ತಿರುಗೋಟ’ ಅಂತ ಮಾಡಿ ನೋಡಿದೆ. ಅದೇ ಗೆಳೆಯ ‘ತಿರುಗೇಟು’ ಅಂತ ಓದಿದ. ‘ಗಾಲಿಯೋಟ’ ಪರವಾಗಿಲ್ಲ ಅನಿಸುತ್ತದೆ. ಆದರೆ ಒಂದು ತಕರಾರು ನನಗೇ ಇದೆ. ಇನರ್ಷಿಯ ನಿಂತ ಕಲ್ಲಿಗೂ ಉಂಟು, ಅದಕ್ಕೆ ಓಟ ಎಲ್ಲಿಂದ ಬರಬೇಕು? ಹಾಗಾಗಿ ಭೌತಶಾಸ್ತ್ರದ ಪಾಠಕ್ಕೆ ಜಡತ್ವವೇ ಇರಲಿ. ಗ್ರಿಡ್‌ನಲ್ಲಿ ಲೆಕ್ಕಕ್ಕೆ ಬರುವುದು ತಿರುಗುವ ಯಂತ್ರದಲ್ಲಿ ಕೂಡಿಟ್ಟ ಶಕ್ತಿ ತಾನೇ, ಅಲ್ಲಿಗೆ ಮಾತ್ರ ಬೇರೆ ಪದ ಸಾಕು.

ಗಾಣ, ರಾಟೆ, ಕುಂಬಾರರ ತಿಗರಿಯ ಸುತ್ತ ಬೆಳೆದವರು ಇಲ್ಲಿದ್ದೀರಲ್ಲ. ಕೈ ಬಿಟ್ಟ ಮೇಲೂ ತಿಗರಿ ತಿರುಗುತ್ತಲೇ ಇರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ?