ರಾಜ್ಯ ಲಾಂಛನದ ಗಂಡಭೇರುಂಡ: ಗೋಡೆ ಮೇಲೆ ಬರೆಸುವಾಗ ಯಾವುದು ಸರಿ?

ಪಿಜೆ_ಬಡಾವಣೆ
ರಾಜ್ಯೋತ್ಸವಕ್ಕೆ ದಾವಣಗೆರೆಯ ಒಂದು ಶಾಲೆಯ ಒಳಗೋಡೆಗೆ ಕರ್ನಾಟಕ ಸರ್ಕಾರದ ಲಾಂಛನವನ್ನು ಆರಡಿ ಎತ್ತರಕ್ಕೆ ಬರೆಸಿ, ಮಕ್ಕಳಿಗೆ ಅರ್ಥವಾಗೋ ಹಾಗೆ ಪಕ್ಕದಲ್ಲಿ ವಿವರಣೆ ಹಾಕಬೇಕಿದೆ. ಪೇಂಟರ್ ಫೋನಲ್ಲಿ ತೋರಿಸಿದ ಚಿತ್ರಗಳು ಒಂದೊಂದೂ ಒಂದೊಂದು ಥರ. ಒಂದರಲ್ಲಿ ಹಕ್ಕಿಯ ತಲೆಗಳಿಗೆ ಕಿರೀಟ, ಇನ್ನೊಂದರಲ್ಲಿ ಅಕ್ಕಪಕ್ಕ ಬರೀ ಸಿಂಹ. ಸರಿಯಾದ ಭಾಗ, ಬಣ್ಣ ಯಾವುವು? ಇದು ಚಿತ್ರದುರ್ಗದ ನಾಯಕರ ಲಾಂಛನ ಅಂತಾನೂ ಕೆಲವರು ಹೇಳ್ತಿದ್ದಾರೆ, ಹೌದಾ? ನಮ್ಮ ಬಡಾವಣೆ ಸಂಘದ ಲೆಟರ್‌ಹೆಡ್‌ಗೆ ಇದನ್ನೇ ಹಾಕ್ಕೋಬಹುದಾ?

ನಾಣ್ಯಪ್ರಿಯ
ಕಿರೀಟ ಇದ್ದದ್ದು ರಷ್ಯಾದ ಹದ್ದು ಇರಬೇಕು. ಕಾಲಲ್ಲಿ ರಾಜದಂಡ, ಗೋಳ ಹಿಡಿದಿದ್ದರೆ ಅನುಮಾನವೇ ಬೇಡ. ಕೆಂಪು ನೆಲದ ಮೇಲೆ ಕಪ್ಪು ಹಕ್ಕಿ ಸಿಕ್ಕರೆ ಅದು ಅಲ್ಬೇನಿಯಾದ ಬಾವುಟ. ‘ಎರಡು ತಲೆ ಹಕ್ಕಿ’ ಅಂತ ಹುಡುಕಿದರೆ ಇವೆರಡೇ ಮೊದಲು ಬರುತ್ತವೆ.

ನಮ್ಮದರಲ್ಲಿ ನಡುವೆ ನೀಲಿ ಅಂಚಿನ ಕೆಂಪು ಗುರಾಣಿ, ಅದರೊಳಗೆ ಬಿಳಿ ಗಂಡಭೇರುಂಡ. ಎಡಬಲಕ್ಕೆ ಸಿಂಹದ ಮೈ, ಆನೆಯ ಸೊಂಡಿಲು ಇರುವ ಗಜಕೇಸರಿ: ಮೈ ಹಳದಿ, ಕೇಸರ ಕೆಂಪು. ಕೆಲವರು ಇದನ್ನೇ ಶರಭ ಅಂತಲೂ ಕರೀತಾರೆ. ಸೊಂಡಿಲು ಬಿಟ್ಟರೆ ಬರೀ ಸಿಂಹವಾಗುತ್ತೆ, ಪೇಂಟರ್‌ಗಳು ಎಡವೋದು ಇಲ್ಲೇ. ಇವೆರಡೂ ನಿಂತಿರೋದು ಹಸಿರು ಎಲೆಬಳ್ಳಿಯ ಮೇಲೆ. ಗುರಾಣಿಯ ನೆತ್ತಿಯಲ್ಲಿ ಸಾರನಾಥದ ಸಿಂಹಶೀರ್ಷ, ಅದರ ಪೀಠ ನೀಲಿ. ಪೀಠದ ನಡುವೆ ಚಕ್ರ, ನೋಡುವವರ ಎಡಕ್ಕೆ ಓಡುವ ಕುದುರೆ, ಬಲಕ್ಕೆ ಗೂಳಿ. ಕೆಳಗೆ ‘ಸತ್ಯಮೇವ ಜಯತೇ’, ದೇವನಾಗರಿಯಲ್ಲಿ. ಈ ಮಾತು ಮುಂಡಕೋಪನಿಷತ್ತಿನದು. ಕನ್ನಡಾಭಿಮಾನಕ್ಕೆ ಅಲ್ಲೇ ಲಿಪಿ ಬದಲಿಸಬೇಡಿ; ಕನ್ನಡದಲ್ಲಿ ಬೇಕಿದ್ದರೆ ಪಕ್ಕದ ವಿವರಣೆಯಲ್ಲಿ ಬರೆಸಿ.

ದುರ್ಗದ_ಬಂಡೆ
ದುರ್ಗದ ನಾಯಕರದ್ದಲ್ಲ. ಈ ಲಾಂಛನ ಬಂದದ್ದು ಮೈಸೂರು ಒಡೆಯರಿಂದ. ಅವರದರಲ್ಲೂ ಗಂಡಭೇರುಂಡ ಇತ್ತು, ಧ್ಯೇಯವಾಕ್ಯ ಮಾತ್ರ ಬೇರೆ: ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’, ಅಂದರೆ ಎಂದೂ ಅಂಜುವುದಿಲ್ಲ. ಸಾರನಾಥದ ಸಿಂಹ ಭಾರತದ ಲಾಂಛನವಾದದ್ದು 1950ರ ಜನವರಿ 26ಕ್ಕೆ. ನಮ್ಮ ರಾಜ್ಯ ಲಾಂಛನದಲ್ಲಿ ಅದು ಗಂಡಭೇರುಂಡದ ನೆತ್ತಿ ಸೇರಿದ್ದು ಆಮೇಲಿನ ಮಾತು. ದುರ್ಗ 1779ರಲ್ಲಿ ಹೈದರಾಲಿ ಕೈಗೆ ಬಿದ್ದಮೇಲೆ ಮೈಸೂರಿನ ಪಾಲಾಯಿತು. ನಿನ್ನೆ ಮೊನ್ನೆವರೆಗೂ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಮಾತ್ರ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅಂದರೆ ಒಂದೇ ಸೀಮೆಯೊಳಗೆ ಈ ಹಕ್ಕಿ ಕೆಲವು ಊರಿಗೆ ಮೊದಲು, ಕೆಲವಕ್ಕೆ ತಡವಾಗಿ ಬಂತು!

ಆದರೆ ಹಕ್ಕಿ ಒಡೆಯರಿಗಿಂತ ಬಹಳ ಹಳೇದು. ಬಳ್ಳಿಗಾವಿಯ ಭೇರುಂಡ ಸ್ತಂಭವನ್ನು ಚಾಮುಂಡರಾಯರಸ ನಿಲ್ಲಿಸಿದ್ದು 1047ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲ. ಅಲ್ಲಿರೋದು ಮನುಷ್ಯನ ಮೈಗೆ ಎರಡು ಹಕ್ಕಿ ತಲೆ, ಲಾಂಛನದ ರೂಪವಲ್ಲ. ಮಕ್ಕಳನ್ನು ಕರ್ಕೊಂಡು ಹೋಗೋದಾದರೆ ಹೊನ್ನಾಳಿ, ಶಿಕಾರಿಪುರ, ಶಿರಾಳಕೊಪ್ಪದ ಮೇಲೆ ದಾರಿ. ಕೆಳದಿ ರಾಮೇಶ್ವರ ಗುಡಿಯಲ್ಲೂ ಗಂಡಭೇರುಂಡ ಇದೆ.

ನಾಣ್ಯಪ್ರಿಯ
ನಾಣ್ಯ ಬಿಟ್ಟಿರಲ್ಲ. ವಿಜಯನಗರದ ಅರಸ ಅಚ್ಯುತರಾಯನ (1529–42) ಚಿನ್ನದ ನಾಣ್ಯದಲ್ಲಿ ಗಂಡಭೇರುಂಡ ಕೊಕ್ಕು, ಉಗುರುಗಳಲ್ಲಿ ಆನೆಗಳನ್ನು ಎತ್ತಿಕೊಂಡಿದೆ. ಆನೆಯನ್ನೇ ಎತ್ತಬಲ್ಲದ್ದು ಅನ್ನೋದೇ ಅದರ ಅರ್ಥದ ತಿರುಳು. ಬೇಲೂರಿನಲ್ಲಿ ಇದನ್ನು ಸಾಲಾಗಿ ಕಡೆದಿದ್ದಾರೆ: ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ. ‘ಎರಡು ತಲೆ ಅಂದರೆ ರಾಜ ಮತ್ತು ಪ್ರಜೆ’ ಅನ್ನೋ ವಿವರಣೆಗಿಂತ ಮಕ್ಕಳಿಗೆ ಈ ಶಿಲ್ಪದ ಫೋಟೋ ಹಾಕೋದೇ ವಾಸಿ.

ಬಣ್ಣದಂಗಡಿ
ಬರೆಯುವವರಿಗೆ ನಾಲ್ಕು ಮಾತು. ಮೂಲ ಚಿತ್ರವನ್ನು 24 ಸೆಂ.ಮೀ. ಎತ್ತರಕ್ಕೆ ಪ್ರಿಂಟ್ ತೆಗೆದು 2 ಸೆಂ.ಮೀ. ಚೌಕ ಹಾಕಿ, ಹನ್ನೆರಡು ಸಾಲು ಬರುತ್ತೆ. ಗೋಡೆ ಮೇಲೆ ಅದೇ ಹನ್ನೆರಡು ಸಾಲು, ಆರಿಂಚಿನ ಚೌಕ, ಆರಡಿ ಸರಿಹೋಯ್ತು. ನಡುಗೆರೆಯನ್ನು ತೂಗುಗುಂಡು ಬಿಟ್ಟೇ ಎಳೀರಿ, ಕಣ್ಣಂದಾಜಿಗೆ ಎಳೆದರೆ ಎರಡು ಕೊಕ್ಕು ಎಂದೂ ಸಮ ಬರಲ್ಲ.

ಕೆಂಪು ಮೊದಲು ಬಳಿದು ಅದರ ಮೇಲೆ ಬಿಳಿ ಹಕ್ಕಿ ಬರೀಬೇಡಿ. ಕೆಂಪು ಕೆಳಗಿಂದ ಇಣುಕಿ ಹಕ್ಕಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪ್ರೈಮರ್ ಆದಮೇಲೆ ಗುರಾಣಿ ಪೂರ್ತಿ ಬಿಳಿ ಎರಡು ಕೋಟ್ ಹೊಡೆದು, ಒಣಗಿಸಿ, ಹಕ್ಕಿಯ ಸುತ್ತ ಕೆಂಪು ತುಂಬಿ. ಬಿಳಿ ಮೇಲೆ ಕೆಂಪು ಹೊಳಪಾಗಿಯೂ ನಿಲ್ಲುತ್ತೆ. ಸ್ಟೆನ್ಸಿಲ್ ಕತ್ತರಿಸಿದ್ದರೆ ಮಗುಚಿ ಹಾಕಿದ್ದೀರಾ ಅಂತ ಪೀಠ ನೋಡಿ. ಸಿಂಹ, ಹಕ್ಕಿ ಎರಡು ಕಡೆಯೂ ಒಂದೇ ಥರ ಕಾಣೋದರಿಂದ ಗೊತ್ತಾಗಲ್ಲ. ಕುದುರೆ ಬಲಕ್ಕೆ ಬಂದಿದ್ದರೆ ತಿರುಗಾಮುರುಗಾ ಆಗಿದೆ ಅಂತಲೇ ಲೆಕ್ಕ.

ದುರ್ಗದ_ಬಂಡೆ
ಲೆಟರ್‌ಹೆಡ್‌ಗೆ ಮಾತ್ರ ಬೇಡ. ಸರ್ಕಾರದ ಲಾಂಛನವನ್ನು ಖಾಸಗಿಯವರು ವ್ಯಾಪಾರಕ್ಕೋ ಹೆಸರಿಗೋ ಬಳಸದಂತೆ 1950ರ ಕಾಯ್ದೆಯಿದೆ, ಸಾರನಾಥದ ಸಿಂಹಕ್ಕೆ ಪ್ರತ್ಯೇಕವಾಗಿ 2005ರ ಕಾಯ್ದೆಯಿದೆ. ಹೆಸರು ಸಂಘದ್ದು, ಮುದ್ರೆ ಸರ್ಕಾರದ್ದು ಅಂತಾದರೆ ಓದುವವರಿಗೆ ಅದು ಸರ್ಕಾರಿ ಪತ್ರವೇ. ಶಾಲೆಯ ಗೋಡೆಗೂ ಮುಖ್ಯೋಪಾಧ್ಯಾಯರ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ತಗೊಳ್ಳಿ, ಬಣ್ಣ ತರೋಕೆ ಮುಂಚೆ.

ಪಿಜೆ_ಬಡಾವಣೆ
ಎಲ್ಲರಿಗೂ ಥ್ಯಾಂಕ್ಸ್. ಲೆಟರ್‌ಹೆಡ್ ಕೈಬಿಟ್ಟೆವು. ಪೀಠದ ಎರಡು ತುದಿಯಲ್ಲಿ ಇನ್ನೊಂದೊಂದು ಅರ್ಧ ಚಕ್ರ ಕಾಣುತ್ತಲ್ಲ, ಅದನ್ನೂ ಬರೀಬೇಕಾ?

ನಾಣ್ಯಪ್ರಿಯ
ಬರೀಲೇಬೇಕು. ಆದರೆ ಅಂಚಿನ ಗೆರೆಯಷ್ಟೇ. ನಡುವಿನ ಚಕ್ರದ ಹಾಗೆ ಪೂರ್ತಿ ತೋರಿಸಬಾರದು.