ಮಲ್ಲೂ, ರಾಜೀನಾಮಾಕ್ಕ ಸಹಿ ಹಾಕಬ್ಯಾಡ

ಮಲ್ಲೂ, ಕಾಕಾ ಮಾತಾಡ್ತೀನಿ. ಟೈಪ್ ಮಾಡ್ಕೋತ ಕುಂತ್ರ ರಾತ್ರಿ ಆಗ್ತದ, ಅದಕ್ಕ ಬಾಯಿಲೇ ಹೇಳ್ತೀನಿ. ಬಸೂನೂ ಕೇಳಲಿ. ಪುಣೆ ಕಡೆ ಭೋಸರಿಯೊಳಗ ನಿಮ್ಮ ಸ್ಕ್ರೂ ಕಾರ್ಖಾನಿ ಈ ತಿಂಗಳ ಕಡೀಕ ಬಂದ್ ಮಾಡ್ತಾರ, ಚೀನಾ ಮಾಲಿನ ಮುಂದ ನಮ್ಮ ರೇಟ್ ನಿಲ್ಲವಲ್ದು ಅಂತಾರ, ಎಚ್‌ಆರ್ ಸಾಹೇಬ ಒಂದು ಕಾಗದ ಮುಂದಿಟ್ಟು "ರಾಜೀನಾಮಾ ಕೊಡು, ಎರಡು ತಿಂಗಳ ಪಗಾರ ಜಾಸ್ತಿ ಕೊಡ್ತೀವಿ" ಅಂದಾನ. ಹೌದಿಲ್ಲೋ? ಮ್ಯಾಲ ನಮ್ಮ ಶ್ರೀಧರ ಅಮೆರಿಕಾದಿಂದ ಕಳಿಸಿದ್ದು ಓದಿ, ಹೊರಗಿನ ಮಾಲಿನಿಂದ ಕೆಲಸ ಹೋದ್ರ ಅಲ್ಲಿ ಸರಕಾರ ರೊಕ್ಕ ಕೊಡ್ತದಂತ, ನಮಗೇನದ ಅಂತ ಕೇಳಿದಿ.

ಮೊದಲ ಆ ಕಾಗದಕ್ಕ ಸಹಿ ಹಾಕಬ್ಯಾಡ. ಉಳದದ್ದು ಆಮ್ಯಾಲ.

ಶ್ರೀಧರಾ, ಸಿಟ್ಟಾಗಬ್ಯಾಡಪಾ, ನೀ ಕಳಿಸಿದ್ದು ಹಳೇ ಸುದ್ದಿ. ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟನ್ಸ್ ಅಂತ ಆ ಯೋಜನಾ ಛಲೋನ ಇತ್ತು, 1962ರಾಗ ಕೆನಡಿ ಅಧ್ಯಕ್ಷ ಇದ್ದಾಗ ಶುರು ಆದದ್ದು. ಮೂರೇ ಮಂದಿ ಕಾರ್ಮಿಕರು ಸೇರಿ ಅರ್ಜಿ ಹಾಕಿದ್ರೂ ಅಲ್ಲಿನ ಕಾರ್ಮಿಕ ಇಲಾಖೆಯವರು ತನಿಖಿ ಮಾಡೋರು. ಆಮದಿನಿಂದನ ಕೆಲಸ ಹೋತು ಅಂತ ಒಪ್ಪಿದ್ರ ಹೊಸಾ ಕೆಲಸ ಕಲಿಯೋ ಖರ್ಚು, ಕಲಿಯೋತನಕ ಭತ್ಯೆ. 50 ದಾಟಿದವಗ ಕಡಿಮಿ ಪಗಾರದ ಕೆಲಸ ಸಿಕ್ರ ಹಳೇ ಪಗಾರಕ್ಕೂ ಹೊಸಾದಕ್ಕೂ ಇರೋ ಫರಕಿನಾಗ ಅರ್ಧಾ ತುಂಬಿ ಕೊಡೋರು, ಎರಡು ವರ್ಷದಾಗ 10,000 ಡಾಲರ್ ತನಕ. ಆದ್ರ 2022ರ ಜುಲೈ 1ರಿಂದ ಹೊಸಾ ಅರ್ಜಿ ಒಪ್ಪೋದ ನಿಲ್ಲಿಸ್ಯಾರ.

ನಮ್ಮಲ್ಲಿ ದಿಲ್ಲಿಯವರು ನೋಡೋದು ಮಾಲು, ಆಳನ್ನ ಅಲ್ಲ. ಕಿಲೋಕ್ಕ 129 ರೂಪಾಯಿಕ್ಕಿಂತ ಸೋವಿ ಸ್ಕ್ರೂ ಹೊರಗಿಂದ ತರಿಸೂಹಂಗಿಲ್ಲ ಅಂತ 2024ರಾಗ ಹುಕುಂ ಹೊಂಡಿಸಿದ್ರು. ಹೊರಗಿನವರು ಭಾಳ ಸೋವಿ ರೇಟಿಗೆ ತಂದು ಸುರಿಯೋ ಮಾಲಿನ ಮ್ಯಾಲ ಆ್ಯಂಟಿ-ಡಂಪಿಂಗ್ ಸುಂಕ ಹಾಕ್ರಿ ಅಂತ ಅರ್ಜಿ ಕೊಡೋರೂ ಮಾಲೀಕರ. ಮಷಿನ್ ಮುಂದ ನಿಂತವ ಆ ಕಾಗದದಾಗ ಎಲ್ಲೂ ಇಲ್ಲ. ಹಿಂದಕ ಬಟ್ಟಿ ಗಿರಣಿ ಕೆಲಸಗಾರರಿಗೆ ಬ್ಯಾರೆ ನಿಧಿ ಇತ್ತು, 1986ರಾಗ ಆದದ್ದು. ಗಿರಣಿ ಕಾಯಂ ಮುಚ್ಚಿದ್ರ ಮೊದಲನೇ ವರ್ಷ ಮುಕ್ಕಾಲು ಪಗಾರ, ಎರಡನೇದಕ್ಕ ಅರ್ಧಾ, ಮೂರನೇದಕ್ಕ ಕಾಲು. ಅದನ್ನೂ 2017ರಾಗ ಇಎಸ್‌ಐ, ಅಂದ್ರ ಕಾರ್ಮಿಕರ ಸರಕಾರಿ ವಿಮಾದ ಯೋಜನಾದಾಗ ಕೂಡಿಸಿಬಿಟ್ರು.

ನಿನಗ ಬೇಕಾದ್ದು ಆ ಇಎಸ್‌ಐದು. ರಾಜೀವ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಅಂತ, 2005ರಿಂದ ಅದ. ನಿನ್ನ ಪಗಾರ ಚೀಟಿಯೊಳಗ 0.75 ಪರ್ಸೆಂಟ್ ಕಟ್ ಆಗ್ತದಲ್ಲ, ಅದು ಎರಡು ವರ್ಷ ತುಂಬಿದ್ರ ಸಾಕು. ಕಾರ್ಖಾನಿ ಮುಚ್ಚಿ ಕೆಲಸ ಹೋತಂದ್ರ ಮೊದಲ 12 ತಿಂಗಳು ಅರ್ಧಾ ಪಗಾರ, ಮುಂದಿನ 12 ತಿಂಗಳು ಕಾಲು. ಮನಿಯವರ ಔಷಧಾನೂ ನಡೀತದ. ವೈನಿ ಬಿಪಿ ಗುಳಿಗಿಗೆ ಚಿಂಚವಡದ ಮೋಹನನಗರ ದವಾಖಾನಿಗೇ ಹೋಗ್ತಾಳಲ್ಲ, ಅದಕ್ಕ ಹೇಳಿದೆ. ಆದ್ರ ನೀನಾಗೇ ಬಿಟ್ಟಿ ಅಂತ ಕಾಗದದಾಗ ಬಂತೋ, ಒಂದು ಪೈಸಾ ಇಲ್ಲ. ಆಮದಿನಿಂದ ಹೋತೋ ಮತ್ತೊಂದರಿಂದ ಹೋತೋ ಅಂತ ಇಲ್ಲಿ ಯಾರೂ ಕೇಳಂಗಿಲ್ಲ. ಅವರೇ ತಗದ್ರೋ, ನೀನ ಬಿಟ್ಟಿಯೋ, ಅಷ್ಟ ನೋಡ್ತಾರ.

ಇನ್ನ ಮಾಲೀಕ ಕೊಡಬೇಕಾದ್ದು. ಮುಚ್ಚಿದ್ರ ವರ್ಷಕ್ಕ 15 ದಿನದ ಪಗಾರ ಪರಿಹಾರ. ನಿನ್ನವು ಒಂಬತ್ತು ವರ್ಷ, 135 ದಿನ ಆತು, ನಾಕೂವರಿ ತಿಂಗಳು. ಅವ ಎರಡು ತಿಂಗಳು ತೋರಿಸಿ ಇದನ್ನ ನುಂಗಾಕ ಕುಂತಾನ! "ಚೀನಾ ಮಾಲು ಬಂತು, ನಮ್ಮ ಕೈಯಾಗ ಏನಿಲ್ಲ" ಅಂತ ಅಳ್ತಾನ ನೋಡು, ಅದಕ್ಕೂ ಕಾರಣ ಅದ. ಕೈಮೀರಿ ಮುಚ್ಚಿದ್ದು ಅಂತಾದ್ರ ಪರಿಹಾರ ಮೂರು ತಿಂಗಳಿಗೇ ನಿಲ್ತದ. ಆದ್ರ ಕಾನೂನಿನ್ಯಾಗ ಸ್ಪಷ್ಟ ಬರದಾರ, ನಷ್ಟ ಆತು, ಮಾಲು ಖಪ್ ಆಗದ ಗೋದಾಮಿನ್ಯಾಗ ಬಿತ್ತು ಅನ್ನೋದಷ್ಟ ಆದ್ರ ಅದು ಕೈಮೀರಿದ್ದು ಅಲ್ಲ. ಇದನ್ನ ಅವನ ಮುಂದ ಹೇಳು, ದನಿ ಸಣ್ಣದಾಗ್ತದ.

ಗ್ರ್ಯಾಚುಟಿ, ಅಂದ್ರ ಇಷ್ಟು ವರ್ಷ ದುಡದದ್ದಕ್ಕ ಮಾಲೀಕ ಕೊಡೋ ಇಡಗಂಟು, ಬ್ಯಾರೆ; ಅದು ರಾಜೀನಾಮಾ ಕೊಟ್ರೂ ಬರ್ತದ. ಬೇಸಿಕ್, ಡಿಎ ಸೇರಿ 18,000 ಅಂದಿ. 26ರಿಂದ ಭಾಗಿಸಿ 15ರಿಂದ, ಮತ್ತ ಒಂಬತ್ತರಿಂದ ಗುಣಿಸು, 93,000ದ ಮ್ಯಾಲ ಆಗ್ತದ. ಅದನ್ನ "ಹೆಚ್ಚಿಗಿ ಕೊಟ್ಟೀವಿ" ಅನ್ನೋ ಸಾಲಿನ್ಯಾಗ ಸೇರಿಸಿ ದೊಡ್ಡ ಮೊತ್ತ ತೋರಿಸ್ತಾರ, ಬಿಡಿಬಿಡಿಯಾಗಿ ಬರಕೊಡ್ರಿ ಅನ್ನು. ಪಿಎಫ್‌ದೂ ಹಂಗ, ಅದು ನಿನ್ನದ ರೊಕ್ಕ.

ಬಸೂ, ನೀ ಗುತ್ತೇದಾರನ ಕಡೆ ಇದ್ದಿ ಅಂತ ಸುಮ್ಮನ ಕುಂಡ್ರಬ್ಯಾಡ. ನಿನಗೂ ಇಎಸ್‌ಐ ನಂಬರ್ ಇರಬೇಕು, ಹುಡಕು. ವರ್ಷದಾಗ 240 ದಿನ ಕೆಲಸ ಆಗಿದ್ರ ಪರಿಹಾರದ ಲೆಕ್ಕಕ್ಕ ಅದು ಒಂದು ವರ್ಷದ ಸೇವಾ. ಗೇಟ್ ಪಾಸು, ಬ್ಯಾಂಕಿಗೆ ಪಗಾರ ಬಂದ ಮೆಸೇಜು, ಎಲ್ಲಾ ತಗದಿಡು.

ಮಲ್ಲೂ, ಆ ಕಾಗದ ಗ್ರೂಪ್‌ನ್ಯಾಗ ಹಾಕಬ್ಯಾಡ, ನನಗೊಬ್ಬಂಗ ಫೋಟೋ ಕಳಸು. ಕೇಳಿದ್ರ "ಮನ್ಯಾಗ ಹಿರಿಯಾರನ್ನ ಕೇಳಿ ಹೇಳ್ತೀನಿ ಸರ್" ಅನ್ನು, ಜಗಳಾ ಮಾಡಬ್ಯಾಡ. ಪಗಾರ ಚೀಟಿ ಎಲ್ಲಾ ತಗೊಂಡು ರವಿವಾರ ಮನಿಗೆ ಬಾ. ಸೋಮವಾರ ಬೆಳಗ್ಗೆ ಇಬ್ಬರೂ ಕೂಡಿ ಲೇಬರ್ ಆಫೀಸಿಗೆ ಹೋಗೂನು.