ಸಹಾಯ ಬೇಕು: ಅಫ್ಘಾನಿಸ್ತಾನದ ಛಾಯಾಸಮರ ಮತ್ತು ಒಂದು ಕನ್ನಡ ಪದ

ಎಲ್ಲರಿಗೂ ನಮಸ್ಕಾರ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. 1979ರಿಂದ 1989ರವರೆಗಿನ ಅಫ್ಘಾನಿಸ್ತಾನದ ಛಾಯಾಸಮರದ (ತಾನು ಮರೆಯಲ್ಲಿದ್ದು ಬೇರೆಯವರ ಕೈಯಿಂದ ಹೋರಾಡಿಸುವ ಯುದ್ಧ) ಬಗ್ಗೆ ಕನ್ನಡದಲ್ಲೇ ಪ್ರಬಂಧ ಬರೆಯುವ ಹಟ ಹಿಡಿದು ಈಗ ಸಿಕ್ಕಿಕೊಂಡಿದ್ದೇನೆ.

ನನ್ನನ್ನು ಹಿಡಿದು ನಿಲ್ಲಿಸಿರುವುದು ಬಂದೂಕುಗಳ ಕಥೆ. ಮೊದಮೊದಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಸೋವಿಯತ್ ಸೇನೆಯ ವಿರುದ್ಧ ಹೋರಾಡುತ್ತಿದ್ದ ಮುಜಾಹಿದೀನ್‌ಗಳಿಗೆ ಕಳುಹಿಸಿದ್ದು ಹಳೆಯ .303 ರೈಫಲ್‌ಗಳನ್ನು, ಈಜಿಪ್ಟ್ ಮತ್ತು ಚೀನಾದಿಂದ ಕೊಂಡ ಸೋವಿಯತ್ ಮಾದರಿಯ ಆಯುಧಗಳನ್ನು. ಅಮೆರಿಕದ ಗುರುತು ಎಲ್ಲಿಯೂ ಕಾಣಬಾರದು. ಹಂಚಿಕೆ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐ ಕೈಯಲ್ಲಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! 1986ರಲ್ಲಿ ಅಮೆರಿಕದ್ದೇ ಆದ ಸ್ಟಿಂಗರ್ ವಿಮಾನ-ವಿರೋಧಿ ಕ್ಷಿಪಣಿ ಬಂದಾಗ ಆ ಮುಸುಕು ಹರಿಯಿತು. ಮಾಸ್ಕೋಗೆ ಮೊದಲೇ ಗೊತ್ತಿದ್ದ ಮೇಲೆ ಅಷ್ಟು ವರ್ಷ ಮುಸುಕು ಯಾರಿಗಾಗಿ? ನನ್ನ ಮೂರನೇ ಅಧ್ಯಾಯವೇ ಇದು.

ಬೇಕಿರುವುದು ‘ಪ್ಲಾಸಿಬಲ್ ಡಿನಯಬಿಲಿಟಿ’ಗೆ, ಅಂದರೆ ತಾನೇ ಮಾಡಿಸಿದ್ದನ್ನು ಇತರರು ನಂಬುವಂತೆ ಅಲ್ಲಗಳೆಯಲು ಉಳಿಸಿಕೊಳ್ಳುವ ಅವಕಾಶಕ್ಕೆ, ಒಂದು ಕನ್ನಡ ಪದ. ‘ನಂಬಲರ್ಹ ನಿರಾಕರಣೀಯತೆ’ ಎಂದು ಬರೆದಿದ್ದೆ. ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಇದು ಯಾರ ಕನ್ನಡ?’ ಎಂದು ಕೇಳಿದ್ದಾರೆ. ಅವರ ಮಾತೂ ಸರಿಯೇ. ‘ಜಾರಿಕೊಳ್ಳುವ ದಾರಿ’ ಎಂದರೆ ತೀರಾ ಹಗುರವಾಗುತ್ತದೆಯೇ?

ಹಾಗೆಯೇ ರಷ್ಯನ್ ಭಾಷೆ ಬಲ್ಲವರು ಯಾರಾದರೂ ಇದ್ದರೆ, ಸೋವಿಯತ್ ಪಾಲಿಟ್‌ಬ್ಯೂರೊ (ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಸಮಿತಿ) ದಾಖಲೆಯ ಎರಡು ಪುಟಗಳ ನನ್ನ ಅನುವಾದವನ್ನು ಮೂಲದೊಂದಿಗೆ ಹೋಲಿಸಿ ನೋಡುವಿರಾ? ಮುಂದಿನ ಸೋಮವಾರ ಅಧ್ಯಾಯ ಒಪ್ಪಿಸಬೇಕಿದೆ.